ಎರಡನೇ ಸಲದ ಉತ್ತರ

...ಬಡೀಲಿ ಬಿಡು, ಬಡೀಲಿ! ಎಷ್ಟು ಹೊತ್ತು ಬಡೀತಾಳೆ? ಕೈ ನೋವಾದ್ರೆ ತಾನೇ ಬಿಡ್ತಾಳೆ. ಚಿಲಕ ಹಾಕಿದೀನಿ, ಕುರ್ಚಿನೂ ಅಡ್ಡ ಒತ್ತಿದೀನಿ. ನೀನು ಹೆದರ್ಕೋಬೇಡ ಗುಲಾಲಾ. ನಿಮ್ಮತ್ತೆ ಹಪ್ಸೆ ಇವತ್ತು ಈ ಆಸ್ಪತ್ರೆ ಕೋಣೆ ಹೊಸಿಲು ದಾಟಲ್ಲ. ದಾಟಿದ್ರೆ ಇನ್ನೊಂದು ಕೆನ್ನೆಗೂ ಕೊಡ್ತೀನಿ... ಹೂಂ ಕಣೇ, ಹೊಡೆದೆ. ನಾನೇ ಹೊಡೆದೆ, ಚಪ್ಪಲಿ ತಗೊಂಡು. ಹೊಡೀಬಾರದಿತ್ತು. ದೊಡ್ಡೋಳು, ಹಜ್ ಬೇರೆ ಮಾಡ್ಕೊಂಡು ಬಂದಿದಾಳೆ. ಆದ್ರೆ ಅವಳು ಮಾಡಿದ್ದು ನೋಡಿಲ್ಲಿ, ನನ್ನ ಕಣ್ಣಿನ ಕೆಳಗೆ... ಉಗುರಲ್ಲಿ ಕೆರೆದು ಚರ್ಮ ಕಿತ್ತಿದಾಳೆ. ರಕ್ತ ಬರ್ತಿದೆಯಾ? ಬರ್ತಿದೆ. ಬರ್ಲಿ ಬಿಡು.

ನನ್ನ ಗುರುತು ಸಿಕ್ತಾ? ತ್ರೀಫಾ. ಕಾಗದದ ತ್ರೀಫಾ! ಆರೋಗ್ಯ ಸಂಸ್ಥೆಯಿಂದ ನಿಮ್ಮನೆಗೆ ಎರಡು ಸಲ ಬಂದಿದ್ನಲ್ಲ, "ಕಳೆದ ವಾರ ನಿದ್ದೆ ಬಂತಾ, ಊಟ ರುಚಿಸ್ತಾ, ಸುಮ್ಸುಮ್ನೆ ಅಳು ಬಂತಾ" ಅಂತ ಕೇಳ್ಕೊಂಡು... ಹಾಂ, ಸಿಕ್ತು. ಕಣ್ಣಲ್ಲೇ ಗೊತ್ತಾಯ್ತು. ಮಾತಾಡ್ಬೇಡ, ಮಾತಾಡ್ಬೇಡ, ತುಟಿ ಬಿರಿಯುತ್ತೆ. ನೀರು ಬೇಕಾ? ಬೇಡ್ವಾ. ಹತ್ತಿ ಒದ್ದೆ ಮಾಡಿ ತುಟಿಗೆ ಹಚ್ಲಾ? ...ಸರಿ ಸರಿ, ಬೇಡ ಅಂದ್ರೆ ಬೇಡ, ಮುಖ ಯಾಕೆ ತಿರುಗಿಸ್ತೀಯ.

ನೋಡು, ಹೊತ್ತು ಕಮ್ಮಿ ಇದೆ. ತನಿಖೆ ನ್ಯಾಯಾಧೀಶರು ಮಧ್ಯಾಹ್ನದ ನಮಾಜು ಮುಗಿಸ್ಕೊಂಡು ಬರ್ತಾರಂತೆ, ನಿನ್ನ ಹೇಳಿಕೆ ತಗೊಳ್ಳೋಕೆ. ಅವರ ಗುಮಾಸ್ತ ಆಗ್ಲೇ ಕೆಳಗಡೆ ಚಹಾ ಕುಡೀತಾ ಕೂತಿದಾನೆ, ನೋಡ್ಕೊಂಡೇ ಬಂದೆ. ಅರ್ಧ ಗಂಟೆ ಸಿಕ್ಕಿದ್ರೆ ಹೆಚ್ಚು. ಅದಕ್ಕೇ ಓಡಿ ಬಂದೆ, ಅವಳನ್ನ ತಳ್ಳಿ ಒಳಗೆ ಬಂದೆ. ನಿನ್ನ ಹತ್ರ ಒಂದೇ ಒಂದು ಮಾತು... ಏನು ಹೇಳ್ತೀಯ ಅವರಿಗೆ?

ಹೀಟರ್ ಅಂತ ತಾನೆ?

ನಿನ್ನೆ ಪೊಲೀಸಿನವನಿಗೆ ಹಂಗೇ ಹೇಳಿದೀಯಂತೆ. "ಸೀಮೆಎಣ್ಣೆ ಹೀಟರ್ ಸಿಡೀತು, ಬಟ್ಟೆಗೆ ಹತ್ಕೊಂಡ್ತು" ಅಂತ. ಹಪ್ಸೆ ಪಕ್ಕದಲ್ಲೇ ನಿಂತು ಹೇಳಿಸಿದ್ಳು ಅಂತ ನರ್ಸ್ ಅಂದ್ಳು. ಇರ್ಲಿ, ಯಾರು ಹೇಳ್ಸಿದ್ರೇನು, ಹೇಳಿದೀಯ. ಹೇಳಿದ ಮೇಲೆ ಇವತ್ತೂ ಅದನ್ನೇ ಹೇಳು ಕಣೇ. ಅದನ್ನೇ. ಒಂದು ಅಕ್ಷರ ಆಚೀಚೆ ಆಗ್ಬಾರದು. ನಿನ್ನೆ ಒಂದು ಇವತ್ತು ಒಂದು ಹೇಳಿದ್ರೆ, ಇವಳಿಗೆ ತಲೆ ಸರಿ ಇಲ್ಲ, ಜ್ವರಕ್ಕೆ ಬಡಬಡಿಸ್ತಾಳೆ ಅಂತಾರೆ. ಎರಡು ಸಲ ಕೇಳಿದಾಗ್ಲೂ ಒಂದೇ ಮಾತು ಬಂದ್ರೆ ಮಾತ್ರ ಜನ ನಂಬೋದು. ನನಗೆ ಗೊತ್ತು, ನನ್ನ ಕೆಲಸಾನೇ ಅದು.

ಯಾಕೆ ನಗ್ತೀಯ? ...ನಗು ಅಲ್ವಾ ಅದು? ನೋವಾ? ನರ್ಸನ್ನ ಕರೀಲಾ? ಬೇಡ... ಅವಳು ಬಂದ್ರೆ ಹಿಂದೇನೇ ಹಪ್ಸೆನೂ ನುಗ್ತಾಳೆ. ಸ್ವಲ್ಪ ತಡ್ಕೊ ನನ್ನವ್ವ.

ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ. ಸಾಯಾ ಇದಾಳಲ್ಲ ನಿಂಗೆ, ನಾಲ್ಕು ವರ್ಷದ ಕೂಸು! ಅವಳೀಗ ಎಲ್ಲಿದಾಳೆ? ಹಪ್ಸೆ ಮನೇಲಿ. ನೀನು ಬಾಯಿ ಬಿಟ್ಟು "ನನ್ನ ಗಂಡ ಸರ್ಕೌತ್ ಹಿಂಗೆ ಮಾಡ್ದ" ಅಂದ್ಯೋ, ಆ ಮಗು ಮುಖ ಮತ್ತೆ ನೋಡಲ್ಲ ನೀನು. ಅವರ ಕಡೆಯೋರು ಹದಿನೆಂಟು ಜನ ಗಂಡಸರು ಕೆಳಗೆ ಅಂಗಳದಲ್ಲಿ ನಿಂತಿದಾರೆ, ಜಪಮಾಲೆ ತಿರುಗಿಸ್ಕೊಂಡು. ನಿಮ್ಮ ಕಡೆಯೋರು? ನಿಮ್ಮಣ್ಣ ಒಬ್ಬ ಬಂದಿದಾನೆ. ಅವನೂ ಅವರ ಜೊತೆಗೇ ನಿಂತ್ಕೊಂಡು ಸಿಗರೇಟು ಸೇದ್ತಿದಾನೆ. ಬಾಯಿ ಬಿಟ್ರೆ ಬಣ್ಣಗೇಡು ಅಂತ ಅವನಿಗೂ ಗೊತ್ತು. ಹೀಟರ್ ಅಂದ್ಬಿಡು, ಮುಗೀತು! ನಿನಗೂ ಒಳ್ಳೇದು, ಮಗೂಗೂ ಒಳ್ಳೇದು, ಎಲ್ಲ...

ಏನು?

ಎಲ್ಲರಿಗೂ ಅಂದೆ. ಎಲ್ಲರಿಗೂ ಅಂದ್ರೆ ಎಲ್ಲರಿಗೂ. ಯಾಕೆ ಹಂಗೆ ನೋಡ್ತೀಯ? ನಾನೇನು ಕುಂಬಳಕಾಯಿ ಕದ್ದಿದೀನಾ ಹೆಗಲು ಮುಟ್ಟಿ ನೋಡ್ಕೊಳ್ಳೋಕೆ?

ಅಯ್ಯೋ, ಇನ್ನೂ ಬಡೀತಿದಾಳೆ ಮುದುಕಿ! ಏ, ಹಪ್ಸೆ! ಸುಮ್ನೆ ಇರ್ತೀಯೋ ಹೊರಗೆ ಬರ್ಲೋ? ...ನಿಮ್ಮಪ್ಪಂದಲ್ಲ ಆಸ್ಪತ್ರೆ, ಹೋಗು! ಥೂ. ಮೊದಲನೇ ಸಲ ಬಂದಾಗ್ಲೂ ಹಿಂಗೇ ಅಲ್ವಾ ಇವಳು? ಬಾಗಿಲ ಹತ್ರ ಕೂತು ಡೋಲ್ಮಾ ಮಾಡೋಕೆ ದ್ರಾಕ್ಷಿ ಎಲೇಲಿ ಅನ್ನ ಇಟ್ಟು ಸುತ್ತಾ ಇದ್ಳು. ನಾನು ನಿನ್ನ ಕೇಳಿದ್ರೆ ಉತ್ತರ ಅವಳು ಕೊಡೋಳು. "ಮನಸ್ಸು ಭಾರ ಅನ್ಸುತ್ತಾ?" ಅಂತ ಕೇಳ್ದೆ. ಅದಕ್ಕೆ ಅವಳು, "ನಮ್ಮನೇಲಿ ಬೆಕ್ಕಿನ ಮನಸ್ಸೂ ಭಾರಾನೇ, ಬರ್ಕೊ!" ನೀನು ಆವಾಗ ನಕ್ಕೆ, ಬಾಯಿ ಮುಚ್ಕೊಂಡು. ಚೆಂದ ನಗ್ತಿದ್ದೆ ಕಣೇ. ಸಾಯಾ ನಿನ್ನ ತೊಡೆ ಮೇಲೆ ಕೂತು ನನ್ನ ಪೆನ್ಸಿಲ್ ಕಿತ್ಕೊಂಡ್ಳು. ನಾನು ಚಹಾ ಕುಡಿದೆ, ನೀನು ಇನ್ನೊಂದು ಲೋಟ ಬಗ್ಗಿಸ್ದೆ. ಬಗ್ಗಿಸುವಾಗ ಅಂಗಿ ತೋಳು ಮಣಿಕಟ್ಟಿನ ತನಕ ಎಳ್ಕೊಂಡೇ ಬಗ್ಗಿಸ್ದೆ...

ಚಳಿ ಇತ್ತಲ್ಲ. ಅದಕ್ಕೇ.

ಇಪ್ಪತ್ತೈದು ಪ್ರಶ್ನೆ. ಒಂದು ಅಂದ್ರೆ ಇಲ್ಲವೇ ಇಲ್ಲ, ಎರಡು ಅಂದ್ರೆ ಸ್ವಲ್ಪ, ಮೂರು ಜಾಸ್ತಿ, ನಾಲ್ಕು ತುಂಬಾ ಜಾಸ್ತಿ. ನೀನು ಎಲ್ಲದಕ್ಕೂ ಒಂದು. ತಲೆನೋವಿಗೆ ಮಾತ್ರ ಎರಡು. "ಮನೇಲಿ ಯಾರಿಗಾದ್ರೂ ಹೆದರ್ತೀರಾ?" ಒಂದು. "ಯಾರಾದ್ರೂ ನಿಮಗೆ ನೋವು ಮಾಡ್ತಾರಾ?" ಒಂದು. ಎಲೆ ಸುತ್ತೋ ಕೈ ನಿಂತು ಮುದುಕಿ ನಿನ್ನೇ ನೋಡ್ತಿದ್ಳು, ನೀನು ನನ್ನೇ ನೋಡ್ತಿದ್ದೆ. ನಾನು ಕಾಗದ ನೋಡ್ತಿದ್ದೆ.

ನನ್ನ ತಪ್ಪೇನಿದೆ ಅದರಲ್ಲಿ? ನೀನು ಹೇಳಿದ್ದು ಬರ್ಕೊಂಡೆ!

ಕೇಳು, ಸಿಟ್ಟು ಮಾಡ್ಕೋಬೇಡ. ನಿನಗೆ ಆವಾಗ ಹೇಳಿರಲಿಲ್ಲ, ಈಗ ಹೇಳ್ತೀನಿ. ನಾವು ಬಂದಿದ್ದು ನಿನ್ನ ಮನಸ್ಸು ಪರೀಕ್ಷೆ ಮಾಡೋಕಲ್ಲ. ಆ ಪ್ರಶ್ನೆಗಳನ್ನೇ ಪರೀಕ್ಷೆ ಮಾಡೋಕೆ. ಎಲ್ಲೋ ಬೇರೆ ದೇಶದಲ್ಲಿ ಮಾಡಿದ ಪ್ರಶ್ನೆಗಳು, ನಮ್ಮ ಕುರ್ದಿ ಹೆಂಗಸರಿಗೆ ಒಗ್ಗುತ್ತೋ ಇಲ್ವೋ, ನಂಬಬಹುದೋ ಇಲ್ವೋ ನೋಡ್ಬೇಕು. ಹೆಂಗೆ ನೋಡೋದು? ಇವತ್ತು ಕೇಳು, ಹದಿನಾಲ್ಕು ದಿನ ಬಿಟ್ಟು ಅದೇ ಹೆಂಗಸನ್ನ ಅದೇ ಪ್ರಶ್ನೆ ಕೇಳು. ಎರಡೂ ಸಲ ಉತ್ತರ ಒಂದೇ ಬಂದ್ರೆ ಪ್ರಶ್ನಾವಳಿ ಗಟ್ಟಿ. ನಮ್ಮ ಡಾಕ್ಟರ್ ಹೇಮಿನ್ ತಕ್ಕಡಿ ತಂದು ತೋರ್ಸಿದ್ರು ತರಬೇತೀಲಿ. ಒಂದು ಈರುಳ್ಳಿ ಇಟ್ರು, ತೂಗಿದ್ರು, ತೆಗೆದ್ರು, ಮತ್ತೆ ಇಟ್ರು. "ನೋಡಿ, ಎರಡು ಸಲಾನೂ ಅಷ್ಟೇ ತೂಕ. ತಕ್ಕಡಿ ಅಂದ್ರೆ ಹಿಂಗಿರ್ಬೇಕು." ನಾವೆಲ್ಲ ತಲೆ ಆಡಿಸಿದ್ವಿ. ಆ ಹದಿನಾಲ್ಕು ದಿನದಲ್ಲಿ ಈರುಳ್ಳೀನ ಯಾರಾದ್ರೂ ಕಾಲಲ್ಲಿ ಹೊಸಕಿದ್ರೆ ಏನ್ಮಾಡೋದು ಅಂತ ಒಬ್ರೂ ಕೇಳ್ಲಿಲ್ಲ.

ಚಿನಾರ್ ಅಂತ ಒಬ್ಬಳಿದ್ಳು ನಮ್ಮಲ್ಲಿ. ತುಂಬಾ ಮೆತ್ತನೆ ಹುಡುಗಿ, ಮನೆ ಮನೇಲಿ ಕೂತು ಹೆಂಗಸರ ಜೊತೆ ತಾನೂ ಅಳೋಳು. ಅವಳು ತಂದ ಕಾಗದ ಒಂದೂ ಹೊಂದ್ತಿರಲಿಲ್ಲ. ಮೊದಲು ಒಂದು, ಆಮೇಲೆ ಮೂರು. ಮೊದಲು ಎರಡು, ಆಮೇಲೆ ನಾಲ್ಕು. ಡಾಕ್ಟರ್ ಹೇಮಿನ್ ಎಲ್ಲರ ಮುಂದೆ ಅವಳ ಕಾಗದ ಮೇಜಿನ ಮೇಲೆ ಬಿಸಾಕಿದ್ರು. "ಮನೇಲಿ ಕೂತು ತಿಂಡಿ ತಿಂತಾ ತುಂಬಿಸಿದೀಯ, ನಾಚಿಕೆ ಆಗಲ್ವಾ?" ಅಂದ್ರು. ಅವಳು ಆಣೆ ಪ್ರಮಾಣ ಮಾಡಿದ್ಳು. "ಸರ್, ಎರಡನೇ ಸಲ ಹೋದಾಗ ಅವರಿಗೆ ನನ್ನ ಪರಿಚಯ ಆಗಿರುತ್ತೆ, ಅದಕ್ಕೇ ನಿಜ ಹೇಳ್ತಾರೆ" ಅಂದ್ಳು. ಯಾರು ಕೇಳ್ತಾರೆ? ಅವತ್ತೇ ಕಳಿಸಿದ್ರು. ನಾನು... ನಾನೂ ನಕ್ಕೆ, ಎಲ್ಲರ ಜೊತೆ.

ಮಾರನೇ ದಿನದಿಂದ ನಾವೆಲ್ಲ ಒಂದು ಉಪಾಯ ಮಾಡ್ಕೊಂಡ್ವಿ. ಎರಡನೇ ಸಲ ಹೋಗುವಾಗ ಮೊದಲನೇ ಕಾಗದ ಇಟ್ಕೊಳ್ಳೋ ಹಂಗಿಲ್ಲ, ನೋಡಲೇಬಾರದು ಅಂತ ನಿಯಮ. ನಾವು ಕಾಗದ ಸಂಸ್ಥೆಗೆ ಕೊಡೋಕೆ ಮುಂಚೆ ಫೋನಲ್ಲಿ ಫೋಟೋ ಹೊಡ್ಕೊಳ್ತಿದ್ವಿ. ಎಲ್ಲರೂ! ನಾನೊಬ್ಬಳೇ ಅಲ್ಲ, ಎಲ್ಲರೂ. ಅದೇನು ಮೋಸ ಅಲ್ಲ ಕಣೇ... ಹೆಂಗಸರು ಮರೀತಾರೆ, ಗೊಂದಲ ಮಾಡ್ಕೊಳ್ತಾರೆ, ಸ್ವಲ್ಪ ನೆನಪು ಮಾಡ್ಸೋದು ಅಷ್ಟೆ. ನನ್ನ ಕಾಗದ ಎಲ್ಲರಿಗಿಂತ ಚೆನ್ನಾಗಿ ಹೊಂದ್ತು. ಡಾಕ್ಟರ್ ಹೇಮಿನ್ ನನ್ನ ಎದ್ದು ನಿಲ್ಸಿ ಚಪ್ಪಾಳೆ ಹೊಡೆಸಿದ್ರು. ಇಪ್ಪತ್ತೆರಡು ವರ್ಷ ಶಾಲೇಲಿ ಟೀಚರ್ ಆಗಿದ್ದೆ ನಾನು, ಒಬ್ಬರೂ ನನಗೆ ಚಪ್ಪಾಳೆ ಹೊಡೆದಿರಲಿಲ್ಲ. ಈಗ ನೋಡು, ಹೊಸಬರಿಗೆ ನಾನೇ ತರಬೇತಿ ಕೊಡ್ತೀನಿ... ಕೊಡ್ಬೇಕಿತ್ತು. ಬರೋ ಶನಿವಾರದಿಂದ.

ಅದಕ್ಕೇ ಹೇಳಿದ್ದು, ಎರಡು ಸಲ ಕೇಳಿದಾಗ್ಲೂ ಒಂದೇ ಉತ್ತರ. ನೀನೂ ಎರಡು ಸಲ ಒಂದೇ ಉತ್ತರ ಕೊಟ್ಟಿದೀಯ. ನಿನ್ನ ಕಾಗದ ನೂರಕ್ಕೆ ನೂರು ಹೊಂದಿದೆ ಗೊತ್ತಾ? ಎರಡನೇ ಸಲ ಬಂದಾಗ್ಲೂ ತಲೆನೋವಿಗೆ ಎರಡು, ಉಳಿದಿದ್ದಕ್ಕೆಲ್ಲ ಒಂದು ಅಂದೆ. ನೆನಪಿದೆ ತಾನೆ?

...ಗುಲಾಲಾ? ನೆನಪಿದೆ ತಾನೆ?

ಯಾಕೆ ಕಣ್ಣು ಅಷ್ಟಗಲ ಮಾಡ್ತೀಯ? ಒಂದು ಅಂದೆ ನೀನು. ಹಪ್ಸೆ ಅವತ್ತು ಮನೇಲಿರಲಿಲ್ಲ, ಯಾರದೋ ಸಾವಿನ ಮನೆಗೆ ಮೂರು ದಿನ ಕೂರೋಕೆ ಹೋಗಿದ್ಳು. ನಾವಿಬ್ಬರೇ. ಸಾಯಾ ಮಲಗಿದ್ಳು. ನೀನು ಚಹಾ ತರ್ಲಿಲ್ಲ. ಎದುರಿಗೆ ಬಂದು ಕೂತೆ. ನಾನು ಕೇಳ್ದೆ, ನೀನು ಹೇಳ್ದೆ, ನಾನು ಬರ್ಕೊಂಡೆ. ಅಷ್ಟೇ! ಅಷ್ಟೇ ಆಗಿದ್ದು!

ನಿನ್ನ ಗಂಡನ ವಕೀಲನೂ ಅದನ್ನೇ ಹೇಳ್ತಿದಾನೆ. ಹೂಂ, ಅವನಿಗೆ ಹೆಂಗೆ ಗೊತ್ತಾಯ್ತು ಅಂತಾನಾ? ಹಪ್ಸೆ ಹೇಳಿರ್ಬೇಕು, ಎರಡನೇ ಸಲ ಅವಳು ಮನೇಲಿ ಇಲ್ಲದೇ ಇದ್ರೂ. "ಆರೋಗ್ಯದೋರು ಎರಡು ಸಲ ಬಂದು ಕೇಳಿದಾರೆ, ಎರಡು ಸಲಾನೂ ನನ್ನ ಸೊಸೆ ಸುಖವಾಗಿದೀನಿ ಅಂದಿದಾಳೆ" ಅಂತ. ಅವನು ನ್ಯಾಯಾಧೀಶರಿಗೆ ಅರ್ಜಿ ಹಾಕಿದಾನೆ, ಆ ಕಾಗದ ತರಿಸಿ ಅಂತ. ಬೆಳಿಗ್ಗೆ ಡಾಕ್ಟರ್ ಹೇಮಿನ್ ಫೋನ್ ಮಾಡಿದ್ರು. "ತ್ರೀಫಾ, ಆ ಎರಡನೇ ಕಾಗದ ನೀನೇ ಅಲ್ವಾ ತುಂಬಿಸಿದ್ದು? ಸರಿಯಾಗಿದೆ ಅಲ್ವಾ?" ಸರಿಯಾಗಿದೆ ಸರ್ ಅಂದೆ. "ಕೋರ್ಟಲ್ಲಿ ಆಣೆ ಇಟ್ಟು ಹೇಳ್ತೀಯಾ?" ಹೇಳ್ತೀನಿ ಸರ್ ಅಂದೆ.

ನೀನು ಹೀಟರ್ ಅಂದ್ಬಿಟ್ರೆ ನಾನು ಆಣೆ ಇಡೋ ಪ್ರಮೇಯಾನೇ ಬರಲ್ಲ. ಗೊತ್ತಾಯ್ತಾ? ಅಷ್ಟು ಮಾಡು. ಮಗೂಗೋಸ್ಕರ... ಸರಿ, ನನಗೋಸ್ಕರ! ನನಗೋಸ್ಕರ ಅಂತಾನೇ ಅನ್ಕೊ! ನನಗೂ ಬದುಕಿಲ್ವಾ?

ಹೇಳು, "ಹೀಟರ್" ಅಂತ ಹೇಳು. ಒಂದು ಸಲ ಹೇಳಿ ತೋರ್ಸು. ಬರುತ್ತೆ ಮಾತು ನಿನಗೆ, ನಾಟಕ ಆಡ್ಬೇಡ, ಬೆಳಿಗ್ಗೆ ನೀರು ಕೇಳಿದೀಯ ಅಂತ ನರ್ಸ್ ಹೇಳಿದಾಳೆ. ಗಂಟಲು ಸುಟ್ಟಿಲ್ಲ ನಿನ್ನದು. ಗಂಟಲು ಸುಟ್ಟಿಲ್ಲ, ಕಾಲೂ ಸುಟ್ಟಿಲ್ಲ. ಅದನ್ನೂ ಹೇಳಿದ್ಳು ಹಾಳಾದೋಳು, ನಾನು ಕೇಳ್ದೇ ಇದ್ರೂ! "ಹೀಟರ್ ಸಿಡಿದ್ರೆ ಕಾಲು, ಹೊಟ್ಟೆ ಸುಡುತ್ತೆ ಅಕ್ಕ. ಇವಳಿಗೆ ನೆತ್ತಿಯಿಂದ ಶುರುವಾಗಿ ಬೆನ್ನ ಮೇಲೆ ಇಳಿದಿದೆ. ಮೇಲಿಂದ ಸುರಿದ ಹಂಗೆ." ಈ ಸುಟ್ಟಗಾಯದ ವಾರ್ಡಲ್ಲಿ ಹತ್ತು ವರ್ಷದಿಂದ ಇದಾಳಂತೆ, ಗಾಯ ನೋಡಿದ್ರೆ ಸಾಕಂತೆ, ಒಲೆ ಯಾವುದು, ಗಂಡ ಯಾವುದು ಅಂತ ಗೊತ್ತಾಗುತ್ತಂತೆ. ನಾನು ಬಾಯ್ಮುಚ್ಚು ಅಂದೆ ಅವಳಿಗೆ.

ನನ್ನ ನೋಡ್ಬೇಡ ಹಂಗೆ! ಬೇರೆ ಕಡೆ ನೋಡು! ಗೋಡೆ ನೋಡು!

...ಹೂಂ. ವಾಸನೆ ಬಂತು. ಸರಿನಾ? ಬಂತು. ಆ ಎರಡನೇ ಸಲ, ನೀನು ಎದುರಿಗೆ ಬಂದು ಕೂತಾಗ, ನಿನ್ನ ಕೂದಲಿಂದ ಸೀಮೆಎಣ್ಣೆ ವಾಸನೆ ಬಂತು. ಚಳಿಗಾಲ, ನಮ್ಮ ಸುಲೈಮಾನಿಯಾದಲ್ಲಿ ಯಾರ ಮನೇಲಿ ಬರಲ್ಲ ಆ ವಾಸನೆ? ಹೀಟರ್‌ಗೆ ಎಣ್ಣೆ ಹಾಕಿ ಬಂದಿದಾಳೆ ಅನ್ಕೊಂಡೆ. ಆದ್ರೆ ನಿನ್ನ ಕೂದಲು ಒದ್ದೆ ಇತ್ತು. ಜಡೆ ಅಂಟ್ಕೊಂಡಿತ್ತು. ಮೂರು ಸಲ ಸೋಪು ಹಾಕಿ ತೊಳೆದೆ ಅಕ್ಕ, ಹೋಗ್ಲಿಲ್ಲ ಅಂದೆ ನೀನು.

ಅಂದೆ. ಹೌದು. ಹೇಳ್ದೆ ನೀನು.

"ಮನೇಲಿ ಯಾರಿಗಾದ್ರೂ ಹೆದರ್ತೀರಾ?" ಅಂತ ಓದ್ದೆ. ನೀನು ನಾಲ್ಕು ಬೆರಳು ತೋರ್ಸಿದೆ. ನಾಲ್ಕು! ಮಾತಾಡ್ಲಿಲ್ಲ, ಬೆರಳು ತೋರ್ಸಿದೆ. ಆಮೇಲೆ ತೋಳು ಮೇಲೆ ಸರಿಸ್ದೆ. ಮಣಿಕಟ್ಟಿಂದ ಮೊಣಕೈ ತನಕ ಬೆಲ್ಟಿನ ಬಾಸುಂಡೆ. ಹಳದಿ, ನೀಲಿ, ಹಸೀದು, ಹಳೇದು ಎಲ್ಲ ಒಂದರ ಮೇಲೊಂದು. ಹೊಲಿಗೆ ತರಗತಿಗೆ ಹೋಗ್ತೀನಿ ಅಂದಿದ್ದಕ್ಕೆ ಅಂತೆ! ಹೊಲಿಗೆಗೆ! ನಿನ್ನ ಗಂಡ ಜಡೆ ಹಿಡಿದು ಅಂಗಳಕ್ಕೆ ಎಳ್ಕೊಂಡು ಹೋದ, ಸೀಮೆಎಣ್ಣೆ ಡಬ್ಬ ತಲೆ ಮೇಲೆ ಬಗ್ಗಿಸ್ದ. ಹಚ್ಚಲಿಲ್ಲ. ಮೂರು ಗಂಟೆ ಹೊತ್ತು ಒದ್ದೆ ಬಟ್ಟೇಲಿ ಕೂರ್ಸಿ, ಎದುರಿಗೆ ಕುರ್ಚಿ ಹಾಕ್ಕೊಂಡು, ಲೈಟರ್ ಟಿಕ್ ಅನ್ನಿಸೋದು, ಆರಿಸೋದು. ಟಿಕ್ ಅನ್ನಿಸೋದು, ಆರಿಸೋದು. ಹಪ್ಸೆ ಕಿಟಕೀಲಿ ನೋಡ್ತಾ, "ಸಾಕು ಮಗನೆ, ಊಟ ಆರುತ್ತೆ" ಅಂದ್ಳಂತೆ.

"ಇನ್ನೊಂದು ಸಲ ಹಚ್ಚೇ ಹಚ್ತಾನೆ ಅಕ್ಕ" ಅಂದೆ ನೀನು. ನನ್ನ ಮಂಡಿ ಹಿಡ್ಕೊಂಡಿದ್ದೆ.

ನನಗೆ ಏನು ಬಂತು ತಲೆಗೆ ಗೊತ್ತಾ? ಹೇಳ್ತೀನಿ. ನಾಲ್ಕು ಅಂತ ಬರೆದ್ರೆ ಹೊಂದಲ್ಲ ಅಂತ ಬಂತು. ದೇವರಾಣೆ, ಅದೇ ಬಂತು! ಹದಿನಾಲ್ಕು ದಿನದ ಹಿಂದೆ ಒಂದು, ಇವತ್ತು ನಾಲ್ಕು. ಇಪ್ಪತ್ತೈದರಲ್ಲಿ ಹದಿನೆಂಟಕ್ಕೆ ನಾಲ್ಕು ಅಂದೆ ನೀನು. ಚಿನಾರ್ ಮುಖ ಕಣ್ಣ ಮುಂದೆ ಬಂತು, ಆ ಮೇಜು ಬಂತು. ಇಷ್ಟು ದಿನ ಒಂದೂ ತಪ್ಪದ ತ್ರೀಫಾ... ನಾನು ಫೋನ್ ತೆಗೆದೆ.

ಬೈಯಿ! ನನ್ನ ಬೈಯಿ! ಉಗಿ ಮುಖದ ಮೇಲೆ! ನೀನೂ ಒಂದು ಸಲ ಜೋರಾಗಿ ಕಿರುಚಬಾರದಿತ್ತಾ ಅವತ್ತು, ನನ್ನ ಕೂದಲು ಹಿಡಿದು ಎಳೀಬಾರದಿತ್ತಾ? ಅಷ್ಟು ಮೆತ್ತಗೆ ಹೇಳಿದ್ರೆ ಯಾರಿಗೆ ಕೇಳಿಸುತ್ತೆ? ...ಕೇಳಿಸ್ತು. ಕೇಳಿಸ್ತು ನನಗೆ.

ಕೈ ಕೊಡು. ಬ್ಯಾಂಡೇಜ್ ಇಲ್ಲದ ಆ ಒಂದು ಬೆರಳಾದ್ರೂ... ಬೇಡ್ವಾ. ಸರಿ.

ಕೆಳಗೆ ಕಾರು ನಿಂತ್ಕೊಂಡ್ತು. ಬಂದ್ರು ಅನ್ಸುತ್ತೆ. ಗುಲಾಲಾ, ಕೇಳು, ಈಗ ಹೇಳು. ಹೀಟರ್ ಬೇಡ. ಬೇಡ, ಹೀಟರ್ ಅನ್ಬೇಡ! ಸರ್ಕೌತ್ ಅನ್ನು. "ಸರ್ಕೌತ್ ಸುರಿದ, ಸರ್ಕೌತ್ ಹಚ್ಚಿದ" ಅನ್ನು. ನನ್ನ ಮರ್ಯಾದೆ ಹಾಳಾಗಿ ಹೋಗ್ಲಿ, ಡಾಕ್ಟರ್ ಹೇಮಿನ್ ಮರ್ಯಾದೇನೂ ಹೋಗ್ಲಿ! ನಿಜ ಹೇಳು, ಒಂದೇ ಸಲ. ಮಗೂನ ನಾನು... ನಾನು ನೋಡ್ಕೋತೀನಿ, ಹಪ್ಸೆ ಕೈಯಿಂದ ಕಿತ್ಕೊಂಡು ಬರ್ತೀನಿ, ಹೆಂಗಾದ್ರೂ... ನೋಡು, ಇಲ್ಲಿ ಮೊಣಕಾಲೂರಿದೀನಿ ನಿನ್ನ ಮಂಚದ ಪಕ್ಕ. ಹೇಳ್ತೀಯಾ? ತಲೆ ಆಡಿಸು. ಹೂಂ ಅನ್ನು. ಊಹೂಂ ಅನ್ನು. ಏನಾದ್ರೂ ಅನ್ನೇ!

...

ಅನ್ನಲ್ಲ.

ನೀನು ಹೀಟರ್ ಅಂತಾನೂ ಅನ್ನಲ್ಲ, ಸರ್ಕೌತ್ ಅಂತಾನೂ ಅನ್ನಲ್ಲ. ಗೊತ್ತಾಯ್ತು ನನಗೆ. ಈಗ ಗೊತ್ತಾಯ್ತು.

ಹೆದರಿಕೆಗೆ ಸುಮ್ನಿದೀಯ ಅನ್ಕೊಂಡೆ. ಮಗೂಗೋಸ್ಕರ ಅನ್ಕೊಂಡೆ. ಅಲ್ಲ ಅಲ್ವಾ? ಅವತ್ತು ನಾನು ಫೋನ್ ತೆಗೆದು ಫೋಟೋ ತೋರ್ಸಿದೆ ನಿನಗೆ. ನಗ್ತಾ ನಗ್ತಾ, ಶಾಲೇಲಿ ಮಕ್ಕಳಿಗೆ ಲೆಕ್ಕ ತಿದ್ದೋ ಹಂಗೆ ತೋರ್ಸಿದೆ. "ನೋಡಮ್ಮ, ಹೋದ ಸಲ ನೀನೇ 'ಇಲ್ಲವೇ ಇಲ್ಲ' ಅಂದಿದೀಯ, ಇಲ್ಲಿದೆ. ಹದಿನಾಲ್ಕೇ ದಿನದಲ್ಲಿ ಇಷ್ಟು ಬದಲಾಗುತ್ತಾ? ಇವತ್ತು ಸಿಟ್ಟಲ್ಲಿದೀಯ. ಚೆನ್ನಾಗಿ ಯೋಚನೆ ಮಾಡಿ ಹೇಳು" ಅಂದೆ. ನೀನು ಆ ಫೋಟೋ ನೋಡ್ದೆ. ನನ್ನ ಮುಖ ನೋಡ್ದೆ. ತೋಳು ಕೆಳಗೆ ಎಳ್ಕೊಂಡೆ. ಮೊದಲು ಈ ತೋಳು, ಆಮೇಲೆ ಆ ತೋಳು. ಯೋಚನೆ ಮಾಡ್ದೆ ನೀನು, ನಾನು ಹೇಳಿದ ಹಂಗೇ. ಆಮೇಲೆ, "ಹಂಗಾದ್ರೆ ಇಲ್ಲ ಅಂತಾನೇ ಬರ್ಕೊ ಅಕ್ಕ" ಅಂದೆ.

ನಾನು ಬರ್ಕೊಂಡೆ. ಥ್ಯಾಂಕ್ಸ್ ಬೇರೆ ಹೇಳ್ದೆ ನಿನಗೆ.

ನಾಲ್ಕು ದಿನ... ನಾಲ್ಕೇ ದಿನಕ್ಕೆ ಹಚ್ಚಿದ.

ಬಾಗಿಲು... ಹಪ್ಸೆ ಅಲ್ಲ, ಈ ಬಡಿತ ಬೇರೆ. ಬಂದೆ, ಬಂದೆ! ತೆಗೀತೀನಿ ಇರಿ, ಕುರ್ಚಿ ಅಡ್ಡ ಇದೆ... ಬನ್ನಿ ಸಾಹೇಬ್ರೆ. ಆ ಮುದುಕೀನ ಹೊರಗೇ ನಿಲ್ಸಿ. ನಾನು ಯಾರಂತಾನಾ? ಆರೋಗ್ಯ ಸಂಸ್ಥೆಯೋಳು. ವಕೀಲರು ತರಿಸಿ ಅಂತಿದಾರಲ್ಲ ಆ ಕಾಗದ, ಅದನ್ನ ತುಂಬಿಸಿದೋಳು... ಇಲ್ಲ, ಅವಳಿಗೆ ಮಾತು ಬರುತ್ತೆ. ಜ್ಞಾನನೂ ಇದೆ. ನೀವು ಕೇಳಿದ್ರೆ ಹೇಳಲ್ಲ, ಅಷ್ಟೆ. ಅವಳು ಹೇಳಿ ಆಗಿದೆ ಸಾಹೇಬ್ರೆ. ಅವನು ಹಚ್ಚೋಕೆ ನಾಲ್ಕು ದಿನ ಮುಂಚೆ ನನಗೆ ಹೇಳಿದಾಳೆ, ಬೆರಳು ಎತ್ತಿ ಹೇಳಿದಾಳೆ. ನಾನು ಅದನ್ನ ಬಿಟ್ಟು ಬೇರೆ ಬರೆದೆ.

ಕಣ್ಣು ಮುಚ್ಕೋಬೇಡ ಗುಲಾಲಾ... ಸರಿ, ಮುಚ್ಕೊ. ನನ್ನ ನೋಡ್ಬೇಕಾಗಿಲ್ಲ ನೀನು.

ಗುಮಾಸ್ತರೇ, ಕೂತ್ಕೊಳ್ಳಿ. ನನ್ನ ಹೆಸರು ತ್ರೀಫಾ. ಹದಿನೆಂಟು ಉತ್ತರ ಇದೆ, ಒಂದೊಂದಾಗಿ ಹೇಳ್ತೀನಿ. ಬರ್ಕೊಳ್ಳಿ.